ಬಲೆಗೆ ಬೆನ್ನು

ಅಜ್ಜನ ಬಲಗೈಯ ಕಿರುಬೆರಳು
ರೊಸಾರಿಯೋ ಕಡೆಗೆ ತಿರುಗಿತ್ತು.
ಮುರಿದದ್ದು ಅಲ್ಲೇ, ಕೂಡಿದ್ದು ಸೊಟ್ಟಗೆ.
ಅಂಗಿಯ ಗುಂಡಿ ಹಾಕಲು ಬಾರದ ಆ ಕೈಯಿಂದ
ತೆರೆರೆಯ ಕೊಂಬಿನ ಬಟ್ಟಲು ಮಾತ್ರ
ಒಮ್ಮೆಯೂ ಜಾರಿದ್ದಿಲ್ಲ.

ಹನ್ನೊಂದು ವರ್ಷ ಸಂಬಳಕ್ಕೆ ನಿಂತ
ಎರಡು ಕಂಬಗಳ ನಡುವೆ.
ಸಂಬಳ, ಬಂದರೆ ಬಂತು.
ಒಂದು ಸಲ ಮೂರು ತಿಂಗಳದ್ದಕ್ಕೆ ಬದಲು ಕೊಟ್ಟದ್ದು
ಹೊಲಿಗೆ ಯಂತ್ರ, ಪೆಡಲಿಲ್ಲದ್ದು.
ಅದನ್ನು ತೊಡೆಯ ಮೇಲಿಟ್ಟುಕೊಂಡು
ನದಿಯ ಹಡಗಿನಲ್ಲಿ ನಾಲ್ಕು ಹಗಲು, ಮೇಲಕ್ಕೆ, ಮನೆಗೆ.
ಅಜ್ಜಿ ಸುತ್ತಿ ಬಂದು ನೋಡಿ, "ಇದರ ಕಾಲೆಲ್ಲಿ?" ಅಂದಳಂತೆ.
"ಕಾಲಿನ ಕೆಲಸ ನನ್ನದಲ್ಲ ಪೆತ್ರೋನಾ,
ನಾನು ಕೈಯವನು."

ಅಜ್ಜಿ ಇತಾಗುವಾದವಳು.
ಚೌಕಟ್ಟಿಗೆ ಬಟ್ಟೆ ಬಿಗಿದು ಸೂಜಿಯಲ್ಲಿ
ಜೇಡನ ಬಲೆ ಹೆಣೆಯುವವಳು;
ನ್ಯಾಂದುತಿ ಅನ್ನುತ್ತೇವೆ ನಮ್ಮ ಗ್ವಾರಾನಿಯಲ್ಲಿ.
ಒಬ್ಬಳು ಆಯುಷ್ಯವಿಡೀ ಬಲೆಗೆ ಮುಖ ಕೊಟ್ಟು,
ಒಬ್ಬ ಬೆನ್ನು ಕೊಟ್ಟು.

ಹಿಡಿದ ಚೆಂಡಿನ ಮಾತು ಅವನು ಎತ್ತಿದ್ದೇ ಇಲ್ಲ.
"ಹಿಡಿಯುವುದಕ್ಕೇ ಅಲ್ಲವೇ ಕೂಲಿ?"
ಬಿಟ್ಟವುಗಳನ್ನು ಮಾತ್ರ
ಬೀದಿನಾಯಿಗಳ ಹಾಗೆ ಹೆಸರಿಟ್ಟು ಸಾಕಿದ್ದ:
ಕುಂಟ, ಕಂಬಕ್ಕೆ ಬಡಿದು, ಯೋಚಿಸಿ, ಒಳಗೆ ಬಂದದ್ದು.
ಪಾದ್ರಿ, ನೆತ್ತಿಯ ಮೇಲಿಂದ ಮೆಲ್ಲಗೆ
ಆಶೀರ್ವಾದದ ಹಾಗೆ ಇಳಿದದ್ದು.
ಸಾಲ ಕೊಟ್ಟವ, ಬರುವುದು ದೂರದಿಂದಲೇ ಕಂಡಿತ್ತು,
ಬಾಗಿಲು ಹಾಕಲಾಗಲಿಲ್ಲ.

ಹೆಸರಿಡದ ಒಂದಿತ್ತು. ಐವತ್ತೆಂಟರ ಆಗಸ್ಟಿನದು.
ಮಳೆ. ತೊಗಲಿನ ಚೆಂಡು ನೀರು ಕುಡಿದು
ಬಸಿರಿ ಬೆಕ್ಕಿನಷ್ಟು ಭಾರ.
ಕೊನೆಯ ನಿಮಿಷ, ಎರಡು ಕಾಲಿನ ನಡುವೆ
ನುಸುಳಿ ಹೋಯಿತು.
ತಂಡ ಕೆಳದರ್ಜೆಗೆ ಇಳಿಯಿತು, ಅವನ ಕಸುಬು ಮುಗಿಯಿತು.
ಐವತ್ತು ವರ್ಷದ ಮೇಲೂ ನಮ್ಮ ಬೀದಿಯ ಹುಡುಗರು,
ಹುಟ್ಟಿಯೇ ಇರದಿದ್ದವರು, ಕೂಗುವರು:
"ಓವೆಲಾರ್ ತಾತಾ, ಗೇಟು ಹಾಕಿದೆಯಾ?"
ಅವನು ಕೂತಲ್ಲೇ
ಮೊಣಕಾಲು ಜೋಡಿಸಿ ತೋರಿಸುವನು.
ಕಲ್ಲೆಸೆದವಳು ನಾನು.

ಪ್ರತಿ ಡಿಸೆಂಬರು, ಬಿಸಿಲು ಕಾಯ್ದ ಹೆಂಚಾದಾಗ,
ಸೆಫೆರಿನೊ ಬ್ರಿತೆಸ್, ಆ ತಂಡದಲ್ಲಿ ಬ್ಯಾಕ್ ಆಡಿದವನು,
ವರ್ಷದ ಮೊದಲ ಕಲ್ಲಂಗಡಿ ಹೊತ್ತು ಬರುವನು.
ಒಳಗೆ ಬಾರನು.
ಹೊಸ್ತಿಲಲ್ಲಿಟ್ಟು ಟೋಪಿ ಮುಟ್ಟಿ ಹೊರಡುವನು.
"ಯಾಕಜ್ಜ?"
"ಅವನ ಹೊಲದಲ್ಲಿ ಹೆಚ್ಚು ಬಿಡುತ್ತೆ."

ಅಜ್ಜ ಹೋದದ್ದು ಜೂನಿನಲ್ಲಿ, ಹಣ್ಣಿನ ಕಾಲವಲ್ಲ.
ಬರಿಗೈಯಲ್ಲಿ ಬಂದ ಸೆಫೆರಿನೊ
ಹೊಸ್ತಿಲು ದಾಟಿದ. ಮೇಣದ ಬತ್ತಿಗಳ ಪಕ್ಕ
ನನ್ನ ಹತ್ತಿರ ಕೂತು, ನೆಲಕ್ಕೆ ಹೇಳಿದ:

"ಆ ಹೊತ್ತಿಗೆ ಅವನು ಮೈದಾನದಲ್ಲೇ ಇರಲಿಲ್ಲ ಮಗಾ.
ಹೆಗಲೆಲುಬು ಮುರಿದು ಹೊತ್ತೊಯ್ದಿದ್ದರು.
ಬದಲಿ ಇಳಿಸುವುದು ಆಗ ಎಲ್ಲಿತ್ತು,
ಅವನ ಅಂಗಿ ಬಿಚ್ಚಿ ನನಗೆ ತೊಡಿಸಿದರು.
ಹತ್ತೊಂಬತ್ತು ನನಗೆ. ಕಾಲು ನನ್ನವು.
ಪತ್ರಿಕೆಯವನು ಮಳೆಯಲ್ಲಿ ಅಂಗಿ ನೋಡಿ ಹೆಸರು ಬರೆದ.
ತಿದ್ದಿಸೋಣ ಅಂತ ಆಸ್ಪತ್ರೆಗೆ ಹೋದೆ.
ನೀನಿನ್ನೂ ಆಡಬೇಕಾದವನು ಕಣೋ ಅಂದ,
ನನ್ನ ಲೆಕ್ಕದಲ್ಲಿ ಆಗಲೇ ಇನ್ನೂರಿವೆ,
ಒಂದು ಹೆಚ್ಚಾದರೆ ಯಾರು ಎಣಿಸುತ್ತಾರೆ?"

ನಾನು ಎಣಿಸಿದ್ದೆ.
ನಾಲ್ಕನೇ ತರಗತಿಯ ನೋಟುಬುಕ್ಕಿನಲ್ಲಿ,
ಅವನು ಹೇಳಿದ ಹಾಗೆ ಒಂದೊಂದಕ್ಕೂ ಒಂದು ಗೆರೆ.
ಇನ್ನೂರ ಹದಿನಾಲ್ಕು.
ಯಾವ ಗೆರೆ ಅದು, ಈಗ ಗೊತ್ತಾಗುವುದಿಲ್ಲ,
ಎಲ್ಲ ಒಂದೇ ಥರ ಇವೆ.

ಅಜ್ಜಿಗೆ ಗೊತ್ತಿತ್ತೋ ಕೇಳಿದೆ.
ಹಲ್ಲಿನಲ್ಲಿ ದಾರ ಕಚ್ಚಿದ್ದಳು, ಮಾತಾಡಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಕಲ್ಲಂಗಡಿ ಬಂತು.
ತೋಳು ಹಿಡಿದು ಒಳಗೆ ಎಳೆದೆ, ಕೊಯ್ದು ಕೊಟ್ಟೆ.
ಅಜ್ಜನ ಕುರ್ಚಿಯ ತುದಿಯಲ್ಲಿ ಕೂತು
ಬೀಜ ಉಗುಳದೆ ತಿಂದ ಮುದುಕ,
ಮೊಣಕಾಲು ಜೋಡಿಸಿಕೊಂಡು.